ಕೋಡು ಹುಗಿಯುವವನು

ಬಂದವನ ಅಂಗಿಯ ತುಂಬ ರಕ್ತ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸಾಬಮ್ಮನ ಕೈ ನಿಂತುಹೋಯಿತು. ಎದೆಯಿಂದ ಹೊಟ್ಟೆಯವರೆಗೆ ಕಡುಗೆಂಪು ಕಲೆ. ಎರಡೂ ಕೈ ಮೊಳಕೈವರೆಗೆ ಕೆಂಪು. ಉಗುರಿನ ಸಂದಿಯಲ್ಲಿ ಕೂಡ ಕೆಂಪು. ಬಾಗಿಲಿಗೆ ತಲೆ ತಾಗೀತೆಂದು ಬಗ್ಗಿ ಒಳಗೆ ಬಂದವನ ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಒಂದು.

ಎಮರ್ಜೆನ್ಸಿ ಮುಗಿದ ವರ್ಷ ಅದು. ದಸರಾ ಹತ್ತಿರ ಬಂದಿತ್ತು. ಮಧ್ಯಾಹ್ನದ ಬಸ್ಸು ಹೋಗಿ ಸುಲೇಪೇಟದ ಸ್ಟ್ಯಾಂಡು ಖಾಲಿ ಬಿದ್ದಿತ್ತು. ಸೋದರತ್ತೆ ಭೀಮಮ್ಮ ಕಿರಾಣಿ ತರಲು ಹೋಗಿದ್ದಳು. ಖಾನಾವಳಿಯಲ್ಲಿ ಸಾಬಮ್ಮ ಒಬ್ಬಳೇ. ಅವಳು ಒಲೆಯಿಂದ ಉರಿಯುವ ಕೊಳ್ಳಿಯೊಂದನ್ನು ಎಳೆದು ಕೈಯಲ್ಲಿ ಹಿಡಿದಳು.

"ಅಲ್ಲೇ ನಿಂದ್ರಿ! ಯಾರನ್ನ ಕಡದು ಬಂದೀರಿ?"

ಅವನು ತನ್ನ ಅಂಗಿಯನ್ನು ಆಗಷ್ಟೇ ಕಂಡವನಂತೆ ನೋಡಿಕೊಂಡ. ಕಿವಿಯವರೆಗೆ ನಾಚಿದ.

"ಯಪ್ಪಾ... ಇದು ದ್ರಾಕ್ಷಿ ರಸ ರೀ. ಜಾಡಿಯಿಂದ ಜಾಡಿಗಿ ಸುರುವಾಗ ಮೈಮ್ಯಾಲ ಬಿತ್ತು. ಹಂಗೇ ಬಂದ್ಬಿಟ್ಟೆ." ಬಟ್ಟೆ ಬಿಚ್ಚಿ ಬಾಟಲಿ ತೋರಿಸಿದ. "ವೈನ್ ರೀ."

"ಸೆರೆ ಕುಡಿಯೋರಿಗಿ ಇಲ್ಲಿ ಜಾಗ ಇಲ್ಲ."

"ಕುಡೀಲಿಕ್ಕ ಬಂದಿಲ್ಲ. ಇದಕ್ಕೊಂದು ಊಟ ಹುಡುಕ್ಲಿಕತ್ತೀನಿ."

ಹುಡುಗಿಗೆ ವರ ಹುಡುಕುವವರನ್ನು ಸಾಬಮ್ಮ ಕಂಡಿದ್ದಳು. ಬಾಟಲಿಗೆ ಊಟ ಹುಡುಕುವವನನ್ನು ಕಂಡಿರಲಿಲ್ಲ.

"ಮೊದಲು ಆ ಕೊಳ್ಳಿ ಕೆಳಗಿಡ್ರಿ," ಎಂದ ಅವನು ಮೆಲ್ಲಗೆ. "ಕೈ ಸುಟ್ಕೋತೀರಿ."

ಕೊಳ್ಳಿಯಿಂದ ತನಗೇನಾದೀತು ಎಂಬ ಯೋಚನೆ ಅವನ ಮುಖದಲ್ಲಿ ಇರಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಿದ್ದ. ಸಾಬಮ್ಮ ಕೊಳ್ಳಿಯನ್ನು ಒಲೆಗೆ ತಳ್ಳಿದಳು. ಹಂಚಿನ ಮೇಲಿನ ರೊಟ್ಟಿ ಕರಿಕಾಗಿತ್ತು.

ಅವನ ಹೆಸರು ಅಂಬಾರಾಯ. ಸುಲೇಪೇಟದಿಂದ ಹರದಾರಿ ದೂರದ ಹಳ್ಳಿಯವನು. ಹೈದರಾಬಾದಿನ ಹೊರಗೆ ಜರ್ಮನ್ ಬಾಯಿಯೊಬ್ಬಳ ದ್ರಾಕ್ಷಿ ತೋಟದಲ್ಲಿ ವರ್ಷಾನುಗಟ್ಟಲೆ ದುಡಿದಿದ್ದ. ಆಕೆ ತನ್ನ ದೇಶಕ್ಕೆ ಹೊರಟಾಗ ಬಳ್ಳಿಯ ಕಡ್ಡಿಗಳನ್ನೂ ತನ್ನ ವಿದ್ಯೆಯನ್ನೂ ಇವನಿಗೆ ಕೊಟ್ಟು ಹೋದಳು. ಅಪ್ಪನ ಹೊಲದಲ್ಲಿ ಶಾಬಾದ ಕಲ್ಲಿನ ಕಂಬ ನೆಟ್ಟು ಬಳ್ಳಿ ಹಬ್ಬಿಸಿದ. ಸರಕಾರಿ ಗೊಬ್ಬರ ಇಲ್ಲ, ಔಷಧ ಹೊಡೆಯುವುದಿಲ್ಲ. ಚಂದ್ರನ ಏರಿಳಿತ ನೋಡಿ ನೆಡುವುದು, ಸವರುವುದು. ಕಪ್ಪು ದ್ರಾಕ್ಷಿಯ ರಸ ಒಂದು ಜಾಡಿಯಲ್ಲಿ, ಕೆನ್ನೀಲಿ ಸಾಹೇಬಿ ದ್ರಾಕ್ಷಿಯದು ಇನ್ನೊಂದರಲ್ಲಿ. ಹುಳಿ ಬಂದು, ತಿಳಿಯಾಗಿ, ತಿಂಗಳುಗಟ್ಟಲೆ ಕೂತ ಮೇಲೆ ಎರಡನ್ನೂ ಬೆರೆಸುವುದು.

"ಕಪ್ಪಿನದು ಭಾಳ ಸಿಟ್ಟು. ಸಾಹೇಬಿ ಅದರ ಕೈ ಹಿಡೀತದ," ಎಂದು ವಿವರಿಸಿದ. ಅಬಕಾರಿ ಪರವಾನಗಿಯೂ ಇತ್ತು. ಕೊಳ್ಳುವವರು ಮಾತ್ರ ಇರಲಿಲ್ಲ. ವಾಡಿ ಜಂಕ್ಷನ್ನಿನ ರೈಲ್ವೆ ಕ್ಲಬ್ಬಿನ ಅಡಿಗೆಯವ, ಖಾನಸಾಮ ಅಮೀರ್ ಅಲಿ ರುಚಿ ನೋಡಿ, "ಇಂಗ್ಲಿಷ್ ಊಟ ಉಣ್ಣೋ ಸಾಹೇಬ್ರು ಹೋದ್ರು. ಈಗಿನ ಆಫೀಸರು ರೊಟ್ಟಿ ಪಲ್ಯ ಕೇಳ್ತಾರ. ನಮ್ಮ ಊಟಕ್ಕ ಇದು ಹೊಂದ್ತದ ಅಂತ ತೋರ್ಸು, ತಗೋತೀನಿ," ಎಂದಿದ್ದ.

"ನನಗ ಅಡಿಗಿ ಬರಂಗಿಲ್ಲ," ಎಂದ ಅಂಬಾರಾಯ. "ಈ ಕಡಿ ನಿಮ್ಮ ಕೈ ಊಟಾನೇ ಛೊಲೊ ಅಂತಾರ."

ಸಾಬಮ್ಮ ಹೊಸ ರೊಟ್ಟಿ ತಟ್ಟಿದಳು. ತಟ್ಟೆಗೆ ಪುಂಡಿಪಲ್ಯ ಬಡಿಸಿದಳು. ಅವನು ಒಂದು ತುತ್ತು ತಿಂದು, ಹಿತ್ತಾಳೆ ಲೋಟದಲ್ಲಿ ಒಂದು ಗುಟುಕು ಕುಡಿದು, ಮುಖ ಕಿವುಚಿದ.

"ಎರಡೂ ಹುಳಿ ಕೂಡಿ ಜಗಳ ಹಚ್ಯಾವ ರೀ."

ಅವಳಿಗೆ ನಗು ಬಂತು. ಸೆರಗಿನಲ್ಲಿ ಮುಚ್ಚಿಕೊಂಡಳು. ಅವನು ಕಂಡೇ ಕಂಡ.

ಆಮೇಲೆ ಅವನು ಮೇಲಿಂದ ಮೇಲೆ ಬರತೊಡಗಿದ. ಹೊತ್ತು ಮೀರಿ, ಗಿರಾಕಿಗಳು ಎದ್ದುಹೋದ ಮೇಲೆ. ಹಸಿಮೆಣಸಿನಕಾಯಿ ಖಾರದ ಜೊತೆ ವೈನು ಬಾಯಲ್ಲಿ ಬೆಂಕಿಯಾಯಿತು. ಗೋಧಿ ಹುಗ್ಗಿಯ ಮುಂದೆ ಹುಣಸೆನೀರಿನಂತಾಯಿತು. ಒಣಕೊಬ್ಬರಿ ಹುರಿದು ಅರೆದು ಹಾಕಿದ ಕುರಿಮಾಂಸದ ದಿನ ಅವನು ಮಾತೇ ಆಡದೆ ಉಂಡ. ಕೊನೆಗೆ, "ಇದು ಅದಕ್ಕ ತವರುಮನಿ," ಎಂದ. ಭೀಮಮ್ಮ ಗಲ್ಲಕ್ಕೆ ಕೈಯಿಟ್ಟು ಸೋದರಸೊಸೆಯ ಮುಖವನ್ನೂ ಅವನ ಮುಖವನ್ನೂ ನೋಡಿದಳು.

ಒಂದು ಮಧ್ಯಾಹ್ನ ಎಣಗಾಯಿ ಮಾಡಿದ್ದಳು. ಎಳೆಯ ಬದನೆಕಾಯಿಗೆ ಶೇಂಗಾ, ಎಳ್ಳು ತುಂಬಿ, ಖಾರ ಅರ್ಧ ಇಳಿಸಿ, ಎಣ್ಣೆ ತೇಲುವವರೆಗೆ ಬೇಯಿಸಿದ್ದು. ಅವನು ಕೈ ತೊಳೆಯಲು ಹೊರಗೆ ಹೋದಾಗ ಸಾಬಮ್ಮ ಲೋಟದಲ್ಲಿ ಉಳಿದಿದ್ದ ವೈನಿಗೆ ಕಿರುಬೆರಳು ಅದ್ದಿದಳು. ನಾಲಿಗೆಗೆ ಮುಟ್ಟಿಸಿಕೊಂಡಳು. ಒಗರು. ಅರೆಹಣ್ಣಾದ ನೇರಳೆ ತಿಂದಂತೆ ನಾಲಿಗೆ ಬಿಗಿಯಿತು. ಬದನೆಕಾಯಿಯ ಚೂರು ಬಾಯಿಗಿಟ್ಟು ಇನ್ನೊಮ್ಮೆ ಬೆರಳು ಅದ್ದಿದಳು. ಒಗರು ಕರಗಿಹೋಗಿತ್ತು. ಮಳೆ ಬಿದ್ದ ಕರಿನೆಲದ ವಾಸನೆಯಂಥದೇನೋ ಗಂಟಲಲ್ಲಿ ಇಳಿಯಿತು.

"ಹ್ಯಾಂಗದ ರೀ?"

ಬಾಗಿಲಲ್ಲಿ ಅವನು ನಿಂತಿದ್ದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾ... ನೊಣ ಬಿದ್ದಿತ್ತು. ತೆಗೀಲಿಕತ್ತಿದ್ದೆ."

"ನೊಣ ಭಾಳ ಪುಣ್ಯ ಮಾಡಿತ್ತು," ಎಂದ ಅಂಬಾರಾಯ.

ಅವಳ ಮುಖ ಆ ಬಾಟಲಿಯ ಬಣ್ಣಕ್ಕೆ ತಿರುಗಿತು.

ವಿಜಯದಶಮಿಯ ಸಂಜೆ ಭೀಮಮ್ಮನೇ ಅವಳ ಕೈಗೆ ಬನ್ನಿ ಎಲೆ ಕೊಟ್ಟು, ಫಕೀರಸಾಬನ ಜಟಕಾ ಹತ್ತಿಸಿದಳು. ಫಕೀರಸಾಬ ಅವರ ಖಾಯಂ ಗಿರಾಕಿ. ಬಿಳಿ ಗಡ್ಡದವನು. ತೋಟದ ಬದುವಿನಲ್ಲಿ ಕುದುರೆ ನಿಲ್ಲಿಸಿ, "ಹೋಗಿ ಬಾ ಬೇಟಿ, ನಾ ಇಲ್ಲೇ ಇರ್ತೀನಿ," ಎಂದ.

ಅಂಬಾರಾಯನಿಗೆ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎಂದು ಹೇಳಬೇಕು. ದಾರಿಯುದ್ದ ಆ ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದಿದ್ದಳು. ಕಲ್ಲಿನ ಕಂಬಗಳ ನಡುವೆ ಬಳ್ಳಿಗಳ ಎಲೆ ಹಳದಿಗೆ ತಿರುಗುತ್ತಿತ್ತು. ಬಿಸಿಲು ಇಳಿದಿತ್ತು. ತೋಟದ ತುದಿಯಲ್ಲಿ ಅವನು ಕುಕ್ಕುರುಗಾಲಲ್ಲಿ ಕೂತಿದ್ದ. ಹತ್ತಿರ ಹೋದಳು.

ಅವನ ಮುಂದೆ ಒಂದು ಕುಣಿ. ಕುಣಿಯ ತುಂಬ ಆಕಳ ಕೋಡುಗಳು. ತುದಿ ಮೇಲಾಗಿ ಸಾಲಾಗಿ ನಿಲ್ಲಿಸಿದ್ದವು. ಅವನು ಇನ್ನೊಂದು ಕೋಡಿಗೆ ಸಗಣಿ ತುರುಕಿ, ಅಂಗೈಯಿಂದ ಒತ್ತಿ, ಅದನ್ನೂ ಸಾಲಿನಲ್ಲಿ ಇಟ್ಟ. ಮಣ್ಣು ಎಳೆಯತೊಡಗಿದ.

ಸಾಬಮ್ಮನ ಕೈಯಿಂದ ಬನ್ನಿ ಎಲೆ ಉದುರಿತು.

"ಸಾಬಮ್ಮಾರೆ! ಯಾವಾಗ ಬಂದ್ರಿ? ನಿಂದ್ರಿ, ಅಂಜಬ್ಯಾಡ್ರಿ..."

ಅವಳು ನಿಲ್ಲಲಿಲ್ಲ. ಬದುವಿನ ಮುಳ್ಳಿಗೆ ಸೀರೆ ಸಿಕ್ಕು ಹರಿಯಿತು. ಜಟಕಾದಲ್ಲಿ ಬಿದ್ದವಳಂತೆ ಕೂತು, "ಹೊಡಿರಿ ಚಾಚಾ, ಬ್ಯಾಗ ಹೊಡಿರಿ," ಎಂದಳು. ಸುಲೇಪೇಟ ಮುಟ್ಟುವವರೆಗೆ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

ಮರುದಿನ ಅವನು ಬಂದಾಗ ಭೀಮಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಬಾನಾಮತಿ ಮಾಡೋರಿಗಿ ಇಲ್ಲಿ ಊಟ ಇಲ್ಲ."

ಅವನ ಮುಖ ಬಿಳಿಚಿತು. "ಬಾನಾಮತಿ ಅಲ್ರಿ ಅತ್ತಿ, ಗೊಬ್ಬರ ಅದು. ದಸರಾಕ್ಕ ಹುಗದು ಯುಗಾದಿಗಿ ತೆಗೀತೀವಿ. ಚಳಿಗಾಲ ಪೂರಾ ಮಣ್ಣಾಗ ಮಾಗ್ತದ. ಆಮ್ಯಾಲ ಒಂದು ಚಿಟಿಕಿ ನೀರಾಗ ಹಾಕಿ ಗರಗರ ತಿರುವಿ ಬಳ್ಳಿಗಿ ಹೊಡಿಯೂದು. ಆ ಜರ್ಮನ್ ಬಾಯಿ ಕಲಿಸಿದ್ದು. ಅಷ್ಟೇ ರೀ, ದೇವ್ರಾಣೆ."

ಒಳಗಿನಿಂದ ಸಾಬಮ್ಮ ಬಂದಳು. ಕಣ್ಣು ಊದಿತ್ತು.

"ನಿಮಗ ಅದು ಗೊಬ್ಬರ. ಮಂದಿಗಿ ಏನಂತ ಗೊತ್ತೇನು? ಕುಂದ್ರಿ, ಹೇಳ್ತೀನಿ."

ಯಾರಿಗೂ ಹೇಳದ ಮಾತು ಅದು. ಆಡಕಿಯಾಚೆಯ ಹಳ್ಳಿಯೊಂದರಲ್ಲಿ ಸಾಬಮ್ಮ ಹುಟ್ಟಿದ್ದು. ಅವಳು ಇನ್ನೂ ಲಂಗ ಉಡುತ್ತಿದ್ದಾಗ ಊರಿನ ಹೆಣ್ಣುಮಕ್ಕಳು ಕೆಲವರು ನಾಯಿಯಂತೆ ಬೊಗಳುತ್ತ ಬೀಳತೊಡಗಿದರು. ಬಾನಾಮತಿ, ಯಾರೋ ಮಾಟ ಮಾಡಿದ್ದಾರೆ ಎಂದರು. ಮಾಡಿದ್ದು ಯಾರು ಎಂದು ಒಬ್ಬಳನ್ನು ಬಡಿದು ಕೇಳಿದಾಗ ಆಕೆ ಸಾಬಮ್ಮನ ತಾಯಿ ಚಂದಮ್ಮನ ಹೆಸರು ಹೇಳಿದಳು. ಚಂದಮ್ಮ ಬೇರು ನಾರು ಅರೆದು ಬಾಣಂತಿಯರಿಗೆ ಕೊಡುತ್ತಿದ್ದಳು, ಅಷ್ಟೇ. ಹಲ್ಲು ಹೋದರೆ ಮಂತ್ರ ಉಚ್ಚರಿಸಲು ಬರುವುದಿಲ್ಲ ಎಂಬುದು ನಂಬಿಕೆ. ಗುಡಿಯ ಮುಂದೆ ಕಂಬಕ್ಕೆ ಕಟ್ಟಿ ಇಕ್ಕಳದಿಂದ ಚಂದಮ್ಮನ ಹಲ್ಲು ಕಿತ್ತರು.

"ಪೊಲೀಸರು ಬಂದ್ರು. ಎಲ್ಲ ಮುಗಿದ ಮ್ಯಾಲ," ಎಂದಳು ಸಾಬಮ್ಮ. "ಅವ್ವ ಮತ್ತ ರೊಟ್ಟಿ ತಿನ್ನಲಿಲ್ಲ. ಮಾತೂ ಆಡಲಿಲ್ಲ. ಮುಂದಿನ ಮಳಿಗಾಲ ನೋಡಲಿಲ್ಲ. ಅತ್ತಿ ನನ್ನ ಇಲ್ಲಿಗಿ ತಂದ್ಳು. ನಾ ಯಾರ ಮಗಳು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ."

ಅಂಬಾರಾಯ ತನ್ನ ಕೈ ನೋಡಿಕೊಂಡ. ಅವನ ಕೈಬೆರಳಿನಲ್ಲಿ ಇನ್ನೂ ಕೆಂಪು ಕಲೆ ಮಾಸಿರಲಿಲ್ಲ.

"ನೀವ್ ಹೇಳಿದ್ರ ಈಗೇ ಹೋಗಿ ಕಿತ್ತು ಒಗೀತೀನಿ. ಬಳ್ಳಿ ಹೋದ್ರ ಹೋಗಲಿ."

ಹೌದು ಎಂದು ಹೇಳಲು ಸಾಬಮ್ಮ ಬಾಯಿ ತೆರೆದಳು. ಅವನು ಎದ್ದು ನಿಂತಾಗಿತ್ತು. ತನ್ನ ಒಂದು ಮಾತಿಗೆ ಇಷ್ಟು ವರ್ಷದ ಬದುಕನ್ನು ಕಿತ್ತು ಎಸೆಯಲು ಹೊರಟವನನ್ನು ನೋಡಿ ಅವಳಿಗೆ ಬೇರೆಯೇ ಒಂದು ಹೆದರಿಕೆ ಹುಟ್ಟಿತು. ಇವನನ್ನು ಕಳೆದುಕೊಂಡರೆ ಎಂಬ ಹೆದರಿಕೆ.

"ಬ್ಯಾಡ," ಎಂದಳು. "ಮ್ಯಾಲ ಒಣಹುಲ್ಲು ಹರವ್ರಿ. ಯಾರಿಗೂ ಹೇಳಬ್ಯಾಡ್ರಿ."

ದೀಪಾವಳಿ ಕಳೆಯಿತು. ಜೋಳದ ಹೊಲ ತೆನೆ ಹಿಡಿಯಿತು. ಸಾಬಮ್ಮನಿಗೆ ಬೀದಿನಾಯಿ ಬೊಗಳಿದರೂ ಕೈಯ ಸೌಟು ಜಾರುತ್ತಿತ್ತು. ಅವನು ಬಾರದ ದಿನ ಬಾಗಿಲು ನೋಡುತ್ತಿದ್ದಳು. ಬಂದ ದಿನ ಅವನ ಬೆನ್ನಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ನೋಡುತ್ತಿದ್ದಳು.

"ಹಿಂಗ ನೋಡಿದ್ರ ನಾ ಕಳ್ಳ ಅಂತ ಮಂದಿ ತಿಳ್ಕೋತಾರ," ಎಂದ ಅವನು ಒಮ್ಮೆ.

"ಕಳ್ಳ ಅಲ್ಲೇನು ಮತ್ತ?" ಎಂದುಬಿಟ್ಟಳು. ಆಮೇಲೆ ದಿನವಿಡೀ ಆ ಮಾತಿಗೆ ತಾನೇ ನಾಚಿದಳು.

ಮಾರ್ಗಶಿರದಲ್ಲಿ ಅಂಬಾರಾಯನ ಹಳ್ಳಿಯಿಂದ ಸುದ್ದಿ ಬಂತು. ಹಣಮಂತರಾಯಗೌಡನ ಸೊಸೆ ಶಿವಕಾಂತಮ್ಮ ನೀರು ತರಲು ಹೋದವಳು ಬಾವಿಕಟ್ಟೆಯ ಮೇಲೆ ಬಿದ್ದು ಬೊಗಳಿದಳು.

ಸುದ್ದಿ ತಂದವನು ಫಕೀರಸಾಬ. ಅವನು ಹೇಳಿ ಮುಗಿಸುವ ಮೊದಲೇ ಸಾಬಮ್ಮ ಒಲೆಯ ಪಕ್ಕ ಕುಸಿದು ಕೂತಿದ್ದಳು.

ಎಳ್ಳಮಾಸೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲುತ್ತಾರೆ. ಸಜ್ಜೆರೊಟ್ಟಿ, ಭಜ್ಜಿ ಹಂಚಿ ಉಣ್ಣುತ್ತಾರೆ. ಗೌಡನ ಮನೆಯವರ ನಾಯಿ ಅಂಬಾರಾಯನ ತೋಟಕ್ಕೆ ನುಗ್ಗಿತು. ಹುಲ್ಲು ಕೆದರಿ ಮಣ್ಣು ತೋಡಿತು. ಕೋಡೊಂದನ್ನು ಬಾಯಲ್ಲಿ ಕಚ್ಚಿಕೊಂಡು, ಉಣ್ಣುತ್ತಿದ್ದವರ ನಡುವೆ ತಂದು ಹಾಕಿತು.

ಹೊತ್ತು ಇಳಿಯುವ ಮೊದಲು ಫಕೀರಸಾಬನ ಜಟಕಾ ಖಾನಾವಳಿಯ ಮುಂದೆ ನಿಂತಿತು. ಮುದುಕನ ಗಡ್ಡ ನಡುಗುತ್ತಿತ್ತು.

"ಹಿಡದಾರ ಬೇಟಿ. ಹಣಮಪ್ಪನ ಗುಡಿ ಕಂಬಕ್ಕ ಕಟ್ಯಾರ. ನಾಳೆ ಮುಂಜಾನೆ ಮಂತ್ರವಾದಿ ಬರ್ತಾನಂತ. ಗೌಡನ ಸೊಸಿ ಬಾಯಿಂದ ಹೆಸರು ಹೇಳಸ್ತಾರಂತ. ಕಮ್ಮಾರನ ಇಕ್ಕಳ ತರಿಸ್ಯಾರ."

ಭೀಮಮ್ಮ ಎದೆ ಬಡಿದುಕೊಂಡಳು. ಸಾಬಮ್ಮನಿಗೆ ಅಳು ಬರಲಿಲ್ಲ. ಕಣ್ಣ ಮುಂದೆ ಅವ್ವನ ಬಾಯಿ.

"ಚಾಚಾ, ಚಿಂಚೋಳಿಗಿ ಹೋಗೋ ಯಾರಿಗಾದ್ರೂ ಹೇಳಿ ಪೊಲೀಸರಿಗಿ ಸುದ್ದಿ ಮುಟ್ಟಸ್ರಿ. ಅವರು ಬರೂತನಕ ಕುಂದ್ರಲಿಕ್ಕಾಗಂಗಿಲ್ಲ. ನನ್ನ ಗೌಡರ ಮನಿಗಿ ಬಿಡ್ರಿ."

"ನೀ ಅಲ್ಲಿ ಹೋಗಿ ಏನ್ ಮಾಡ್ತಿ?" ಎಂದು ಭೀಮಮ್ಮ ಅವಳ ರಟ್ಟೆ ಹಿಡಿದಳು.

"ಗೊತ್ತಿಲ್ಲ ಅತ್ತಿ. ಭಾಳ ಅಂಜಿಕಿ ಆಗ್ಲಿಕತ್ತದ. ಆದ್ರ ಇಲ್ಲಿ ಕುಂತ್ರ ಇನ್ನೂ ಅಂಜಿಕಿ."

ಹಬ್ಬ ಬಂದಾಗಲೆಲ್ಲ ಗೌಡರ ಮನೆಗೆ ರೊಟ್ಟಿ ಮಾಡಿಕೊಡಲು ಅವಳು ಹೋಗುತ್ತಿದ್ದಳು. ಹಾಗಾಗಿ ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಸೊಸೆ ಅನ್ನ ಮುಟ್ಟಿಲ್ಲವೆಂದು ಗೌಡತಿ ಗೊಣಗುತ್ತಿದ್ದಳು. "ನಾ ಉಣಸಿ ನೋಡ್ಲೇನ್ರಿ?" ಎಂದಾಗ ಕೋಣೆಯ ಅಗಳಿ ತೆಗೆದಳು.

ಶಿವಕಾಂತಮ್ಮ ಮೂಲೆಯಲ್ಲಿ ಮುದುಡಿದ್ದಳು. ಇನ್ನೂ ಮೀಸೆ ಮೂಡದ ಹುಡುಗನಂಥ ಮುಖ. ತೋಳಿನ ಮೇಲೆ ಬರಲಿನ ಬಾಸುಂಡೆ. ಸಾಬಮ್ಮ ಹಾಲಿನಲ್ಲಿ ರೊಟ್ಟಿ ಮುರಿದು ಒಂದೊಂದೇ ತುತ್ತು ಕೊಟ್ಟಳು. ಹುಡುಗಿ ಹಸಿದ ಕರುವಿನಂತೆ ತಿಂದಳು.

"ಖರೆ ಹೇಳು ತಂಗಿ. ನಿನಗೇನಾಗ್ಯದ?"

ಹುಡುಗಿ ಬಾಗಿಲ ಕಡೆ ನೋಡಿದಳು. ಆಮೇಲೆ ಪಿಸುಮಾತು.

"ಮೊದಲ ಸಲ ತಾನೇ ಬಂತು ಅಕ್ಕ. ಕಣ್ಣಿಗಿ ಕತ್ತಲಿ ಬಂದಂಗಾಗಿ... ಅವತ್ತು ಯಾರೂ ನನ್ನ ಬಡೀಲಿಲ್ಲ. ಕೆಲಸ ಹಚ್ಚಲಿಲ್ಲ. ಈಗ ನಿಲ್ಲಸ್ಲಿಕ್ಕ ಅಂಜಿಕಿ. ನಿಲ್ಲಸಿದ್ರ ನಾಟಕ ಅಂತ ಕೊಲ್ತಾರ." ಕಣ್ಣೀರು ಹಾಲಿನ ಬಟ್ಟಲಿಗೆ ಬಿತ್ತು. "ನಾಳೆ ಆ ತ್ವಾಟದವನ ಹೆಸರು ಹೇಳು ಅಂತ ಅತ್ತಿ ಹೇಳ್ಯಾಳ. ಆತ ಯಾರೋ ನನಗ ಗೊತ್ತೇ ಇಲ್ಲ. ಹೇಳಲಿಲ್ಲಂದ್ರ ನನ್ನ ಬಿಡಂಗಿಲ್ಲ."

ಸಾಬಮ್ಮ ಅವಳ ಕೈ ಹಿಡಿದಳು. ಇಬ್ಬರ ಕೈಗಳೂ ಒಂದೇ ಸಮ ತಣ್ಣಗಿದ್ದವು. ಯಾರ ಬಾಯಿಂದಲೋ ಒಂದು ಹೆಸರು ಹೊರಡದೆ ನಾಳೆ ಮುಗಿಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

"ಹೆಸರು ನಾ ಕೊಡ್ತೀನಿ," ಎಂದಳು. "ಆಡಕಿ ಕಡಿ ಚಂದಮ್ಮ ಅನ್ನು."

"ಆಕಿ ಯಾರು? ಆಕಿನ್ನ ಬಡೀತಾರಲ್ಲ?"

"ಸತ್ತು ಭಾಳ ವರ್ಷ ಆಯ್ತು. ಆಕಿಗಿ ಇನ್ನ ಯಾರೂ ಏನೂ ಮಾಡ್ಲಿಕ್ಕ ಬರಂಗಿಲ್ಲ."

"ನಿನಗ ಹ್ಯಾಂಗ ಗೊತ್ತು ಅಕ್ಕ?"

ಸಾಬಮ್ಮ ಬಟ್ಟಲು ಎತ್ತಿಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ನಿಂತಳು.

"ನಮ್ಮವ್ವ."

ಆ ರಾತ್ರಿ ಖಾನಾವಳಿಗೆ ಮರಳಿ ಅವಳು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ಅವ್ವಾ, ಇನ್ನೊಮ್ಮೆ ನಿನ್ನನ್ನೇ ಕಂಬಕ್ಕೆ ಕಟ್ಟಿದೆ ಎಂದು ಅತ್ತಳು.

ಬೆಳಿಗ್ಗೆ ಗುಡಿಯ ಮುಂದೆ ಜಾತ್ರೆಯಷ್ಟು ಮಂದಿ. ಕಂಬಕ್ಕೆ ಒರಗಿ ಅಂಬಾರಾಯ ಕೂತಿದ್ದ. ತುಟಿ ಒಡೆದಿತ್ತು. ಅಂಗಿಯ ಮೇಲೆ ಈಗ ನಿಜವಾದ ರಕ್ತ. ಮಂದಿಯ ನಡುವೆ ಭೀಮಮ್ಮನ ಪಕ್ಕ ನಿಂತ ಸಾಬಮ್ಮನನ್ನು ಕಂಡು ಕಣ್ಣಿನಲ್ಲೇ, ಹೋಗು, ಎಂದ. ಅವಳು ಅಲ್ಲಾಡಲಿಲ್ಲ. ಕಟ್ಟೆಯ ಕಲ್ಲಿನ ಮೇಲೆ ಇಕ್ಕಳ ಇತ್ತು. ಅದನ್ನು ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಮಂತ್ರವಾದಿ ಲೋಬಾನದ ಹೊಗೆ ಹಾಕಿದ. ಶಿವಕಾಂತಮ್ಮನ ಕೂದಲು ಹಿಡಿದು ಬೇವಿನ ಬರಲು ಎತ್ತಿದ.

"ಹೇಳು! ಯಾರು ಮಾಡಿದ್ದು?"

ಹುಡುಗಿಯ ಕಣ್ಣು ಅಂಬಾರಾಯನ ಮೇಲೆ ನಿಂತಿತು. ಮಂದಿ ಉಸಿರು ಹಿಡಿದರು. ಗೌಡತಿ ಮುಂದಕ್ಕೆ ಬಾಗಿದಳು.

"ಚಂದಮ್ಮ!" ಎಂದು ಶಿವಕಾಂತಮ್ಮ ಕಿರುಚಿದಳು. "ಆಡಕಿ ಕಡಿ ಚಂದಮ್ಮ!"

ಗುಜುಗುಜು ಎದ್ದಿತು. ಚಂದಮ್ಮ ಅಂದರೆ ಯಾರು? ಮುದುಕನೊಬ್ಬ ನೆನಪಿಸಿಕೊಂಡ. ಹಲ್ಲು ಕಿತ್ತಿದ್ದರಲ್ಲ, ಅವಳು. ಸತ್ತು ಎಷ್ಟೋ ವರ್ಷವಾಯಿತಲ್ಲ! ಮಂತ್ರವಾದಿ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಸತ್ತವಳ ಪಿಶಾಚಿ, ಶಾಂತಿ ಮಾಡಬೇಕು, ಕುರಿ ಬೇಕು ಎಂದ. ಅಂಬಾರಾಯನ ಕಟ್ಟು ಬಿಚ್ಚಲು ಯಾರೋ ಬಗ್ಗಿದರು.

ಅಷ್ಟರಲ್ಲಿ ಅದೇ ಮುದುಕ, "ಆಕಿಗೊಬ್ಬಾಕಿ ಮಗಳಿದ್ಳು," ಎಂದ. "ಈಗ ಎಲ್ಲಿದ್ದಾಳೋ. ವಿದ್ಯಾ ಕಲಿಸಿ ಸತ್ತಿರಬೇಕು."

ಮಂದಿಯ ಮುಖಗಳು ಮತ್ತೆ ಗಟ್ಟಿಯಾದವು. ಹುಡುಕಬೇಕು ಎಂದಿತು ಒಂದು ದನಿ.

ಓಡಿಬಿಡಬೇಕೆಂದು ಸಾಬಮ್ಮನಿಗೆ ಅನ್ನಿಸಿತು. ಫಕೀರಸಾಬನ ಕುದುರೆ ಆಲದ ಕೆಳಗೇ ಇತ್ತು. ಆದರೆ ಇವತ್ತಲ್ಲ ನಾಳೆ ಯಾರೋ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಅದನ್ನು ಕಾಯುತ್ತ ಅವಳು ಇಷ್ಟು ವರ್ಷ ಕಳೆದಿದ್ದಳು. ಇನ್ನು ಕಾಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಕಾಲು ಹಿಂದಕ್ಕೆ ಎಳೆಯುತ್ತಿದ್ದರೂ ಮುಂದೆ ನಡೆದಳು.

"ನಾನೇ ಆ ಮಗಳು."

ಭೀಮಮ್ಮ ಕೂಗಿದ್ದು ಕೇಳಿಸಿತು. ಅಂಬಾರಾಯ ಅರ್ಧ ಬಿಚ್ಚಿದ ಹಗ್ಗವನ್ನು ಎಳೆದುಕೊಂಡು ಏಳಲು ಹೋಗಿ ಮುಗ್ಗರಿಸಿದ.

"ಸುಲೇಪೇಟ ಸ್ಟ್ಯಾಂಡಿನ ಖಾನಾವಳಿ ಸಾಬಮ್ಮ. ನಿಮಗೆಲ್ಲಾ ಗೊತ್ತದ," ಎಂದಳು. ದನಿ ನಡುಗುತ್ತಿತ್ತು. ನಿಲ್ಲಿಸಲಿಲ್ಲ. "ಸಂತಿಗಿ ಬಂದಾಗ ನನ್ನ ಕೈಲೆ ಉಂಡೀರಿ. ನಿಮ್ಮ ಮಕ್ಕಳಿಗಿ ಜ್ವರ ಬಂದಾಗ ಗಂಜಿ ಒಯ್ದೀರಿ. ಗೌಡರೆ, ನಿಮ್ಮ ಮನಿ ಲಗ್ನಕ್ಕ ರೊಟ್ಟಿ ಬಡದಾಕಿ ನಾ. ನಾ ವಿದ್ಯಾ ಮಾಡಾಕಿ ಆಗಿದ್ರ ಇಷ್ಟೊತ್ತಿಗಿ ನೀವ್ ಯಾರೂ ಇರ್ತಿರಲಿಲ್ಲ. ನಮ್ಮವ್ವನೂ ಏನೂ ಮಾಡಿರಲಿಲ್ಲ. ಹಲ್ಲು ಬೇಕೇನು? ತಗೋರಿ."

ಕಣ್ಣು ಮುಚ್ಚಿ ನಿಂತಳು.

"ನಾ ದಿನಾ ಈಕಿ ಕೈಲೆ ಉಣ್ತೀನಿ ರೀ," ಎಂದ ಫಕೀರಸಾಬ ಮಂದಿಯ ಹಿಂದಿನಿಂದ. "ನನಗ ಬ್ಯಾರೆ ಏನೂ ಆಗಿಲ್ಲ. ಮುಂಜಾನಿ ಎದ್ರ ಮತ್ತ ಹಸಿವಿ ಆಗ್ತದ, ಅಷ್ಟೇ."

ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು, "ನನ್ನ ಬಾಣಂತನಕ್ಕ ಖಾರಪುಡಿ ಕೊಟ್ಟಾಕಿ ಈಕಿ," ಎಂದಳು. ಗೌಡ ಇಕ್ಕಳವನ್ನು ನೋಡಿದ. ಸಾಬಮ್ಮನನ್ನು ನೋಡಿದ. ರುಮಾಲಿನಿಂದ ಮುಖ ಒರೆಸಿಕೊಂಡು, "ಇಕ್ಕಳ ತಗೊಂಡು ಹೋಗಪ್ಪ," ಎಂದು ಕಮ್ಮಾರನಿಗೆ ಹೇಳಿದ. ಮಧ್ಯಾಹ್ನ ಪೊಲೀಸರು ಬಂದಾಗ ಮಂತ್ರವಾದಿ ಇರಲಿಲ್ಲ. ಕುರಿಯೂ ಇರಲಿಲ್ಲ.

ಆದರೂ ಖಾನಾವಳಿ ಖಾಲಿಯಾಯಿತು. 'ನಾನೇ ಆ ಮಗಳು' ಎಂದಿದ್ದು ಸುಲೇಪೇಟದ ತುಂಬ ಹಬ್ಬಿತ್ತು. ನಿತ್ಯದ ಗಿರಾಕಿಗಳು ರಸ್ತೆಯ ಆಚೆಯಿಂದ ಹೋಗುತ್ತಿದ್ದರು. ಫಕೀರಸಾಬನೊಬ್ಬ ಬಂದು ಇಬ್ಬರ ಊಟ ಮಾಡಿ ಹೋಗುತ್ತಿದ್ದ.

ಒಂದು ದಿನ ಶಿವಕಾಂತಮ್ಮ ತನ್ನ ಅಣ್ಣನ ಜೊತೆ ಬಸ್ಸಿಗೆ ಬಂದಳು. ತವರಿನವರು ಕರೆದೊಯ್ಯುತ್ತಿದ್ದರು. ಬಸ್ಸು ಹಾರ್ನ್ ಹೊಡೆದರೂ ಕೇಳದೆ ಒಳಗೆ ಓಡಿ ಬಂದು ಸಾಬಮ್ಮನ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು.

"ನನಗ ಹೆಣ್ಣು ಕೂಸು ಹುಟ್ಟಿದ್ರ ಚಂದಮ್ಮ ಅಂತ ಇಡ್ತೀನಿ ಅಕ್ಕ."

ಬಸ್ಸು ಹೋದ ಮೇಲೆ ಸಾಬಮ್ಮ ಅಡುಗೆಮನೆಗೆ ಹೋಗಿ, ಬಾಗಿಲು ಮುಚ್ಚಿ, ಎದೆ ಹಗುರಾಗುವವರೆಗೆ ಅತ್ತಳು.

ಅಂಬಾರಾಯ ಮಾತ್ರ ಬಂದಿರಲಿಲ್ಲ. ಬಾರದಿದ್ದರೇ ಒಳ್ಳೆಯದು ಎಂದುಕೊಂಡಳು. ಹಾಗೆ ಅಂದುಕೊಂಡ ದಿನವೇ, ಮಧ್ಯಾಹ್ನದ ಬಸ್ಸಿನ ಹೊತ್ತಿಗೆ, ಸ್ಟ್ಯಾಂಡಿನ ತುಂಬ ಮಂದಿ ಇರುವಾಗ, ಅವನು ಬಂದ. ತೊಳೆದು ಇಸ್ತ್ರಿ ಮಾಡಿದ ಅಂಗಿ. ತುಟಿಯ ಗಾಯ ಒಣಗಿತ್ತು. ಬೀದಿಯ ಕಡೆ ಮುಖ ಮಾಡಿ, ಎಲ್ಲರಿಗೂ ಕಾಣುವ ಮಣೆಯ ಮೇಲೆ ಕೂತ.

"ಊಟ ಹಾಕ್ರಿ."

ಅವಳು ಬಡಿಸಿದಳು. ಸಾರು ತಟ್ಟೆಯಾಚೆ ಚೆಲ್ಲಿತು. ಅವನು ಪೂರಾ ಉಂಡು, ಇನ್ನೊಂದು ರೊಟ್ಟಿ ಕೇಳಿದ. ಸ್ಟ್ಯಾಂಡಿನಲ್ಲಿ ನಿಂತ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಳಗೆ ಬಂದು ಅವನ ಪಕ್ಕ ಕೂತರು. ಭೀಮಮ್ಮ ಓಡೋಡಿ ತಟ್ಟೆ ಹಾಕಿದಳು.

ಹಿತ್ತಲಲ್ಲಿ ಕೈ ತೊಳೆಯುತ್ತ ಅಂಬಾರಾಯ ಹೇಳಿದ.

"ವಾಡಿಗಿ ಹೋಗಿದ್ದೆ. ನಿಮ್ಮ ಎಣಗಾಯಿ, ಕುರಿಮಾಂಸ ಹ್ಯಾಂಗ ಮಾಡೂದು ಅಂತ ಅಮೀರ್ ಅಲಿಗಿ ಹೇಳ್ದೆ. ಮಾಡಿ, ವೈನ್ ಜೋಡಿ ರುಚಿ ನೋಡಿದ. ಎಲ್ಲಾ ಬಾಟಲಿ ತಗೋತಾನಂತ. ಆದ್ರ ಈ ಅಡಿಗಿ ಮಾಡೋ ಕೈನೂ ಕರಕೊಂಡು ಬಾ ಅಂದ. ಸ್ಟೇಷನ್ ಮುಂದ ಜಾಗ ಅದ, ಖಾನಾವಳಿ ಹಾಕ್ಬಹುದು. ಅತ್ತೀನೂ ಬರ್ಲಿ."

ಸಾಬಮ್ಮ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಕೈ ಕ್ಲಬ್ಬಿಗಿ ಬೇಕಂತೇನು?"

"ಕ್ಲಬ್ಬಿಗಿ ಕೊಡಂಗಿಲ್ಲ," ಎಂದ. "ನನಗ ಬೇಕು ಸಾಬಮ್ಮ. ಕಂಬಕ್ಕ ಕಟ್ಟಿದಾಗ ಹಲ್ಲಿನ ಚಿಂತಿ ಇರಲಿಲ್ಲ. ನಿನಗ ಒಂದ್ ಮಾತೂ ಹೇಳದೆ ಹೋಗ್ತೀನಲ್ಲ ಅನಸ್ಲಿಕತ್ತಿತ್ತು."

ನೀವು ಹೋಗಿ ನೀನು ಆಗಿತ್ತು. ಅವನೇ ಗಮನಿಸಿರಲಿಲ್ಲ. ಅವಳು ಗಮನಿಸಿದಳು.

"ನಾ ಚಂದಮ್ಮನ ಮಗಳು. ಎಲ್ಲಿ ಹೋದ್ರೂ ಗೊತ್ತಾಗ್ತದ."

"ಗೊತ್ತಾಗ್ಲಿ. ನಾನೇ ಹೇಳ್ತೀನಿ, ಚಂದಮ್ಮ ನಮ್ಮತ್ತಿ ಅಂತ."

ತಂಬಿಗೆ ಕೆಳಗಿಟ್ಟಳು. ಬೀದಿಯಲ್ಲಿ ನಾಯಿಯೊಂದು ಬೊಗಳಿತು. ಅವಳ ಭುಜ ಬೆಚ್ಚಿದ್ದನ್ನು ಅವನು ಕಂಡ.

"ನೋಡ್ರಿ, ಇಷ್ಟಕ್ಕೇ ಹಿಂಗಾಗ್ತದ," ಎಂದಳು. ಕಣ್ಣು ತುಂಬಿತ್ತು. "ಅವತ್ತು ಮಂದಿ ಮುಂದ ನಿಂತೆ ಅಂತ ನಾ ಧೈರ್ಯದಾಕಿ ಅಂತ ತಿಳ್ಕೋಬ್ಯಾಡ್ರಿ. ಅಂಜಿಕಿ ಹೋಗಿಲ್ಲ. ಹೋಗಂಗೂ ಇಲ್ಲ. ನಿಮ್ಮ ತ್ವಾಟಕ್ಕ ಯಾರೇ ಬಂದ್ರೂ ಅಂಜ್ತೀನಿ. ನೀವ್ ಹೊತ್ತಾಗಿ ಬಂದ್ರ ಅಂಜ್ತೀನಿ. ಇಂಥಾಕಿನ್ನ ಕಟ್ಕೊಂಡು ಏನ್ ಮಾಡ್ತೀರಿ?"

ಅಂಬಾರಾಯ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಮೆಲ್ಲಗೆ ಅವಳ ಕೈ ಹಿಡಿದ.

"ಅಂಜ್ಕೋತನೇ ಬಾ," ಎಂದ. "ನನಗೂ ಅಂಜಿಕಿ ಅದ. ಇಬ್ಬರೂ ಕೂಡಿ ಅಂಜೂಣು."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಒಳಗಿನಿಂದ ಭೀಮಮ್ಮ, ರೊಟ್ಟಿ ಮುಗಿದಾವ, ಗಿರಾಕಿ ಕುಂತಾರ ಎಂದು ಕೂಗುತ್ತಿದ್ದಳು.

"ಬಂದೆ ಅತ್ತಿ," ಎಂದಳು ಸಾಬಮ್ಮ. ಆಮೇಲೆ ಅವನ ಕಡೆ ತಿರುಗಿ, ದನಿ ತಗ್ಗಿಸಿ, "ಬರ್ತೀನಿ," ಎಂದಳು.